ಉತ್ತರ ಬಾರದ ಗುಂಡಿಗೆ ಸೊನ್ನೆ ಬರೆದವರು

ರಂಗದ ಮೇಲೆ ಮಹಾರಾಜ, ನಮ್ಮ ಖೋಲಿಯಲ್ಲಿ ಅಟ್ಟದ ಒಡೆಯ, ಅವ್ವನ ಒಬ್ಬನೇ ತಮ್ಮ, ನನ್ನ ಬಸು ಮಾಮಾ,

ಈ ಪತ್ರ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಮೊದಲೇ ಸಾರಿಬಿಡುತ್ತೇನೆ, ಆಮೇಲೆ ‘ಇದೇನ ಯವ್ವಾ, ಪರದೆ ಏಳೂ ಮೊದಲಾ ಬೈಗಳಾ ಸುರು ಮಾಡಿದಿ’ ಅಂತ ನಗಬೇಡ. ನೀ ಹೋಗಿ ಹನ್ನೆರಡು ವರ್ಷ ಆಯಿತು. ಅಷ್ಟೂ ವರ್ಷ ನಿನ್ನ ದಿನ ಬಂದಾಗ ಫೋಟೋಕ್ಕೆ ಹೂವು ಏರಿಸಿದ್ದೇನೆ, ಶೇಂಗಾ ಹೋಳಿಗೆ ಮಾಡಿ ಎಡೆ ಹಿಡಿದಿದ್ದೇನೆ, ಅವ್ವನ ಜೊತೆ ಕೂತು ಅತ್ತಿದ್ದೇನೆ. ಸಿಟ್ಟು ಮಾಡುವುದಕ್ಕೆ ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ. ಬೊರಿವಲಿಯ ಮನೆಯಲ್ಲಿ ಭಾನುವಾರ ಮಧ್ಯಾಹ್ನ, ಬಾಗಿಲು ಹಾಕಿಕೊಂಡು, ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿಕೊಳ್ಳುತ್ತ ಬರೆಯುತ್ತಿದ್ದೇನೆ. ಪಕ್ಕದ ಮನೆಯವರು ಒಳಗೆ ಜಗಳ ನಡೆದಿದೆ ಅಂದುಕೊಂಡಿರಬೇಕು. ಅವರು ಅಂದುಕೊಂಡದ್ದು ಸರಿಯೇ ಇದೆ.

ಸಂಜೆ ಆರರ ಸುಮಾರಿಗೆ ವಿಕ್ರೋಳಿಯ ನಮ್ಮ ಚಾಳಿನ ಮೆಟ್ಟಿಲು ಹತ್ತುತ್ತಿದ್ದ ನಿನ್ನ ಚಪ್ಪಲಿಯ ಸದ್ದು ನನಗೆ ಇನ್ನೂ ಕೇಳುತ್ತದೆ. ಗ್ಯಾಸ್ ಯಾರ್ಡಿನಲ್ಲಿ ಪೈಪುಗಳ ಸಾಲಿನಗುಂಟ ದಿನವಿಡೀ ಗಸ್ತು ತಿರುಗಿ, ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ನಿನ್ನ ನೌಕರಿ. ಎಷ್ಟೋ ವರ್ಷ ಆ ಕೆಲಸವನ್ನು ಬರಿಯ ಮೂಗಿನಿಂದ ಮಾಡಿದ್ದಿ. ಮನೆಗೆ ಬಂದರೂ ಆ ಮೂಗಿಗೆ ರಜೆ ಇರಲಿಲ್ಲ. ಗ್ಯಾಲರಿಯಲ್ಲಿ ನಿಂತು, ತಲೆಯ ಮೇಲಿನ ಕಿರೀಟ ಬೀಳದಂತೆ ನೋಡಿಕೊಳ್ಳುವವನ ಹಾಗೆ ನಿಧಾನಕ್ಕೆ ಕತ್ತೆತ್ತಿ, ‘ನಾಕನೇ ಖೋಲಿಯೊಳಗ ಸಿಲಿಂಡರಿನ ವಾಷರ್ ಹೋಗೇದ. ಯಾರೂ ಕಡ್ಡಿ ಗೀರಬ್ಯಾಡ್ರಿ’ ಅಂತ ಅಪ್ಪಣೆ ಹೊರಡಿಸುತ್ತಿದ್ದಿ. ನಾಲ್ಕನೇ ಖೋಲಿಯ ಮಾವಶಿ ‘ಆಲಾ ಮೋಠಾ ರಾಜಾ’, ಬಂದ ನೋಡು ದೊಡ್ಡ ರಾಜ, ಎಂದು ಗೊಣಗುತ್ತ ಹೋಗಿ ನೋಡಿದರೆ, ವಾಷರ್ ಹೋಗಿಯೇ ಇರುತ್ತಿತ್ತು. ಅಂಥ ಮೂಗು. ಆ ಮೂಗನ್ನು ನಂಬದಂತೆ ನಿನಗೆ ಕಲಿಸಿದವರು ಯಾರು ಅನ್ನುವುದಕ್ಕೂ ಬರುತ್ತೇನೆ. ಅವಸರ ಮಾಡಬೇಡ.

ವಿಲೆ ಪಾರ್ಲೆಯ ಶಾಲೆಯ ಹಾಲಿನಲ್ಲಿ ಆದ ಆ ಭಾನುವಾರದ ನಾಟಕ ನಿನಗೆ ಮರೆತಿರಲಿಕ್ಕಿಲ್ಲ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ. ನನಗೆ ಹದಿಮೂರು. ಚಾಳಿನ ಮಕ್ಕಳಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ, ಯಾಕೆಂದರೆ ನೀನು ನನಗೆ ಅಕ್ಷರ ಕಲಿಸಿದ್ದೇ ನಾಟಕದ ಕೈಬರಹದ ಪ್ರತಿಗಳ ಮೇಲೆ ಬೆರಳಿಡಿಸಿ. ಅದಕ್ಕೇ ನನ್ನನ್ನು ಪ್ರಾಂಪ್ಟರ್ ಮಾಡಿದಿ. ಎಡಗಡೆಯ ವಿಂಗಿನಲ್ಲಿ, ಪರದೆಯ ಮಡಿಕೆಯೊಳಗೆ, ಪುಟದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆ. ನೀ ಮಹಾರಾಜ. ಕಾವಲುಭಟನ ಪಾತ್ರಕ್ಕೆ ಯಾರ್ಡಿನಲ್ಲಿ ನಿನ್ನ ಜೊತೆ ಗಸ್ತು ತಿರುಗುತ್ತಿದ್ದ ಜಾಧವನನ್ನು ಎಳೆದು ತಂದಿದ್ದಿ. ಅವನಿಗೆ ಕನ್ನಡ ಬಾರದು. ಅವನ ಮರಾಠಿಯಲ್ಲೇ ಹೇಳಿ ಒಪ್ಪಿಸಿದ್ದಿ: ‘ಎರಡಾ ಮಾತ ಮಾರಾಯಾ. ನಾ ಯಾರಲ್ಲಿ ಅಂದ ಕೂಡಲೇ ಒಳಗ ಬಂದು ಅಪ್ಪಣೆ, ಪ್ರಭು ಅನ್ನು. ಆತು, ನಿನ್ನ ಪಾರ್ಟ್ ಮುಗೀತು.’ ಸೆರೆಯಾಳನ್ನು ಬಿಡಿಸಿ ತಾ ಅಂತ ನೀನು ಅವನಿಗೆ ಆಜ್ಞೆ ಕೊಡಬೇಕು, ಅಲ್ಲಿಂದ ಕತೆ ಮುಂದಕ್ಕೆ ಹೋಗಬೇಕು.

ನೀ ಸಿಂಹಾಸನದಿಂದ ಎದ್ದು ‘ಯಾರಲ್ಲಿ?’ ಅಂದೆಯಲ್ಲ, ಹಾಲಿನ ಫ್ಯಾನುಗಳು ನಡುಗಿದವು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದಿ. ಇಲ್ಲ. ಜಾಧವ ಲೋಕಲ್ ರೈಲು ತಪ್ಪಿಸಿಕೊಂಡಿರಬೇಕು, ಕುರ್ಲಾದಲ್ಲಿ ಸಿಕ್ಕಿಕೊಂಡಿರಬೇಕು ಅಂತ ನಾನೇ ತೀರ್ಮಾನ ಮಾಡಿ, ಎರಡು ಪುಟ ಹಾರಿಸಿ, ಮುಂದಿನ ದೃಶ್ಯದ ಮಾತು ಕೊಟ್ಟೆ. ಸೆರೆಯಾಳನ್ನು ಯಾರೂ ಬಿಡಿಸಲೇ ಇಲ್ಲ. ಅವನ ಮದುವೆಯ ದೃಶ್ಯ ಬಂದಾಗ ಮದುಮಗ ಕೈಗೆ ಹಗ್ಗ ಕಟ್ಟಿಸಿಕೊಂಡು ಬಂದ. ಜನ ಬಿದ್ದು ಬಿದ್ದು ನಕ್ಕರು. ಪರದೆ ಬಿದ್ದ ಮೇಲೆ ನೋಡಿದರೆ ಜಾಧವ ಬಲಗಡೆಯ ವಿಂಗಿನಲ್ಲಿ ಈಟಿ ಹಿಡಿದು ನಿಂತೇ ಇದ್ದ. ಎಲ್ಲ ಹೊತ್ತೂ ಅಲ್ಲೇ ಇದ್ದ. ಹೆದರಿ ನಾಲಿಗೆ ಎದ್ದಿರಲಿಲ್ಲ, ಅಷ್ಟೇ.

ಅವನಿಗೆ ನೀನು ಒಂದು ಮಾತೂ ಅನ್ನಲಿಲ್ಲ. ಬೈದದ್ದು ನನ್ನನ್ನು. ಒಂದು ಬದಿ ಕಿತ್ತುಬಂದ ಮೀಸೆ ಗಾಳಿಗೆ ಅಲ್ಲಾಡುತ್ತಿತ್ತು, ನಗು ಬರಬೇಕಿತ್ತು, ಬರಲಿಲ್ಲ. ‘ಉತ್ತರ ಬರಲಿಲ್ಲ ಅಂದ್ರ ಅಲ್ಲಿ ಯಾರೂ ಇಲ್ಲ ಅಂತ ನಿನಗ ಯಾರ ಹೇಳಿದ್ರು? ಹೋಗಿ ನೋಡಿದೇನು? ನೋಡೂತನಕಾ ಪುಟಾ ತಿರುವಬಾರದು ಶಾರೀ. ಪರದೆ ಹರದು ಬೀಳಲಿ, ಮಂದಿ ಸೀಟಿ ಹೊಡೀಲಿ, ಬೆರಳ ಅಲ್ಲೇ ಇರಬೇಕು.’ ಹದಿಮೂರು ವರ್ಷದವಳಿಗೆ ಅಷ್ಟು ಜೋರು ಮಾಡಿದ್ದಿ. ಇಷ್ಟೆಲ್ಲ ಗೊತ್ತಿದ್ದ ನೀನು, ನೀನೇ, ಹೋಗಿ ಆ ಗುಂಡಿಗೆ…

ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ನಿನಗೆ ಹಳದಿ ಡಬ್ಬಿ ಕೊಟ್ಟರು. ಅಂಗೈಯಷ್ಟು ಮೀಟರು, ಅದಕ್ಕೊಂದು ಉದ್ದನೆಯ ರಬ್ಬರ್ ನಳಿ. ನಳಿಯನ್ನು ಪೈಪಿನ ವಾಲ್ವ್ ಇರುವ ಗುಂಡಿಯೊಳಗೆ ಇಳಿಬಿಟ್ಟರೆ ಒಳಗಿನ ಸಣ್ಣ ಪಂಪು ಗಾಳಿ ಎಳೆದು, ಗ್ಯಾಸ್ ಎಷ್ಟಿದೆ ಅಂತ ಅಂಕಿ ತೋರಿಸುತ್ತಿತ್ತು. ಅಂಕಿ ಸೊನ್ನೆ ಇದ್ದರೆ ಮಾತ್ರ ಗುಂಡಿಗೆ ಇಳಿಯಬೇಕು. ಆ ಡಬ್ಬಿಯನ್ನು ಮನೆಗೆ ತಂದು ಅವ್ವನ ಒಗ್ಗರಣೆಯ ಮುಂದೆ ಹಿಡಿದು ‘ಇದು ಶೇಂಗಾ ಎಣ್ಣಿ ಅಂತ ಹೇಳತದೇನು ಕೇಳು’ ಅಂತ ಚೇಷ್ಟೆ ಮಾಡಿದ್ದಿ. ಆಗ ನಾನು ಏನಂದೆ ನೆನಪಿದೆಯಾ? ‘ಮಾಮಾ, ಮೂಗು ದಣೀತದ, ನೆಗಡಿ ಬಂದ್ರ ಸುಳ್ಳ ಹೇಳತದ. ಮಷೀನ್ ಹೇಳೂದಿಲ್ಲ.’ ಪುಸ್ತಕ ಓದಿದವಳ ಠೀವಿ. ನೀ ಡಬ್ಬಿಯನ್ನು ಕಿಸೆಗೆ ಹಾಕಿಕೊಂಡು, ‘ಎಂಜಿನಿಯರಮ್ಮಾರು ಹೇಳಿದ ಮ್ಯಾಲ ಆತು’ ಅಂದಿ. ನನಗೆ ಅಡ್ಡ ಮಾತು ಯಾಕೆ ಆಡಲಿಲ್ಲ? ಉಳಿದ ಎಲ್ಲದಕ್ಕೂ ಆಡುತ್ತಿದ್ದಿಯಲ್ಲ.

ಮಳೆ ನಿಂತು ಬಿಸಿಲು ಬಿದ್ದ ಮಧ್ಯಾಹ್ನ ಅದು. ಹನ್ನೊಂದನೇ ನಂಬರಿನ ವಾಲ್ವ್ ಗುಂಡಿ. ತಳದಲ್ಲಿ ಮೊಣಕಾಲಿನವರೆಗೆ ನೀರು. ನಳಿ ಇಳಿಬಿಟ್ಟಿ, ಡಬ್ಬಿ ನೋಡಿದಿ, ಸೊನ್ನೆ. ಏಣಿ ಇಳಿದಿ. ಮೇಲೆ ನಿಂತಿದ್ದ ಜಾಧವ ಹೆಸರು ಹಿಡಿದು ಕೂಗಿದ, ನೀನು ಉತ್ತರ ಕೊಡಲಿಲ್ಲ. ಇಷ್ಟು ನಮಗೆ ಹೇಳಿದರು. ಆಮೇಲೆ ತನಿಖೆಯ ಕಾಗದ ಬಂತು, ಒಂದೂವರೆ ಪುಟ. ಅದರ ಒಂದು ಸಾಲು ನನಗೆ ಬಾಯಿಪಾಠ ಇದೆ, ಬೇಕಾದರೆ ರಂಗಗೀತೆಯ ಧಾಟಿಯಲ್ಲಿ ಹಾಡಿ ತೋರಿಸುತ್ತೇನೆ. ಮೀಟರು ಸೊನ್ನೆ ತೋರಿಸಿದ್ದರಿಂದ ಗುಂಡಿಯಲ್ಲಿ ಗ್ಯಾಸ್ ಇರಲಿಲ್ಲ. ಗ್ಯಾಸ್ ಇರಲಿಲ್ಲವಾದ್ದರಿಂದ ಕಾರ್ಮಿಕನು ಹೃದಯ ನಿಂತು ಮೃತಪಟ್ಟಿದ್ದಾನೆ.

ಹೃದಯ ನಿಂತು. ಸತ್ತವರಲ್ಲಿ ಯಾರದು ನಿಲ್ಲದೆ ಇದ್ದೀತು? ಒಂದೇ ಉಸಿರಿನಲ್ಲಿ ಹನ್ನೆರಡು ಸಾಲಿನ ಮಾತು ಒಗೆದು, ಕೊನೆಯಲ್ಲಿ ಗಹಗಹಿಸಿ ನಗಲು ಇನ್ನೂ ಉಸಿರು ಉಳಿಸಿಕೊಳ್ಳುತ್ತಿದ್ದ ಎದೆ ನಿನ್ನದು. ಅದು ದುರ್ಬಲವಂತೆ. ಅವ್ವ ಆ ಕಾಗದವನ್ನು ಮಡಚಿ ಗೋಧಿ ಡಬ್ಬಿಯ ಕೆಳಗಿಟ್ಟಳು. ‘ಇದ್ದೀತವಾ. ಊಟ ಹೊತ್ತಿಗೆ ಸರಿ ಮಾಡತಿದ್ದಿಲ್ಲ ಅಂವಾ’ ಅಂದಳು. ನನ್ನ ಅವ್ವ, ನಿನ್ನ ಅಕ್ಕ, ಆ ಸೊನ್ನೆಯನ್ನು ನಂಬಿದಳು. ನಾನೂ ನಂಬಿದೆ ಮಾಮಾ. ಮಷೀನ್ ಸುಳ್ಳು ಹೇಳುವುದಿಲ್ಲ ಅಂದವಳು ನಾನೇ ಅಲ್ಲವೇ?

ವಿಕ್ರೋಳಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಗಾಳಾ ಒಂದರಲ್ಲಿ, ರೋಬೋಟು ಮಾಡುವ ಸಣ್ಣ ಮಳಿಗೆಯಲ್ಲಿ, ನೌಕರಿಗೆ ಸೇರಿದ ದಿನ, ಬಾಗಿಲಲ್ಲೇ ಒಂದು ಬಂಡಿ ನನ್ನನ್ನು ಎದುರುಗೊಂಡಿತು. ನಾಲ್ಕು ಗಾಲಿ, ಮೇಲೆ ಗೋಣು ತಿರುಗಿಸುವ ಒಂದು ತಲೆ. ಯಾರ್ಡಿನಲ್ಲಿ ನಿನ್ನ ಹಾಗೆ ಗಸ್ತು ತಿರುಗಿ ಸೋರಿಕೆ ಹುಡುಕುವ ರೋಬೋಟು. ಅದಕ್ಕೆ ಮೂಗಿಲ್ಲ. ದೂರ ನಿಂತು ಕಣ್ಣಿಗೆ ಕಾಣದ ಬೆಳಕಿನ ಗೆರೆಯೊಂದನ್ನು ಎಸೆಯುತ್ತದೆ. ಬೆಳಕು ಎದುರಿನ ಗೋಡೆಗೋ ಗ್ಯಾಸ್ ತುಂಬಿಟ್ಟ ಟಾಕಿಗೋ ಬಡಿದು ಮರಳಿ ಬರುತ್ತದೆ. ನಡುವೆ ಗ್ಯಾಸ್ ಇದ್ದರೆ ಒಂದಿಷ್ಟು ಬೆಳಕನ್ನು ಅದು ನುಂಗಿರುತ್ತದೆ. ಎಷ್ಟು ಸೊರಗಿ ಬಂತು ಅಂತ ನೋಡಿದರೆ ಆ ದಾರಿಯಲ್ಲಿ ಒಟ್ಟು ಎಷ್ಟು ಗ್ಯಾಸ್ ಅನ್ನುವುದು ತಿಳಿಯುತ್ತದೆ. ದಾರಿಯಲ್ಲಿ ಎಲ್ಲಿ ಅನ್ನುವುದು ಮಾತ್ರ ಒಂದು ಗೆರೆಯಿಂದ ತಿಳಿಯುವುದಿಲ್ಲ. ಹತ್ತಾರು ಕಡೆಯಿಂದ ಎಸೆದು, ಒಂದರ ಮಾತನ್ನು ಇನ್ನೊಂದರ ಜೊತೆ ತಾಳೆ ನೋಡಿ, ಯಾರ್ಡಿನ ನಕಾಶೆಗೆ ಬಣ್ಣ ತುಂಬಬೇಕು. ಗ್ಯಾಸ್ ಇದ್ದಲ್ಲಿ ಕೆಂಪು, ಇಲ್ಲದಲ್ಲಿ ಹಸಿರು. ನಿನ್ನ ಭಾಷೆಯಲ್ಲಿ ಹೇಳಬೇಕೆಂದರೆ, ಬಂಡಿ ಯಾರ್ಡೆಲ್ಲ ತಿರುಗುತ್ತ ‘ಯಾರಲ್ಲಿ?’ ಅಂತ ಕೂಗುತ್ತದೆ. ಗೋಡೆಗಳು ಉತ್ತರ ಕೊಡುತ್ತವೆ.

ತಾಲೀಮು ಇಲ್ಲದೆ ರಂಗ ಹತ್ತಬಾರದು ಅಂತ ನೀ ಸಂಘದವರಿಗೆಲ್ಲ ಕಿವಿ ಹಿಂಡುತ್ತಿದ್ದಿ. ರೋಬೋಟಿಗೂ ಅದೇ ಕಾನೂನು. ನಿಜವಾದ ಯಾರ್ಡಿನಲ್ಲಿ ನಿಜವಾದ ಗ್ಯಾಸ್ ಬಿಟ್ಟು ಅದಕ್ಕೆ ಪಾಠ ಹೇಳಲು ಆಗುತ್ತದೆಯೇ? ಅದಕ್ಕೇ ನಾನು ಕಂಪ್ಯೂಟರಿನೊಳಗೆ ಒಂದು ಯಾರ್ಡ್ ಕಟ್ಟುತ್ತೇನೆ. ಸುಳ್ಳು ಟಾಕಿ, ಸುಳ್ಳು ಗಾಳಿ, ಸುಳ್ಳು ಗ್ಯಾಸು, ಸುಳ್ಳು ಬೆಳಕು. ಸಿಮ್ಯುಲೇಶನ್ ಅಂತಾರೆ. ತಗಡಿನ ಕತ್ತಿ ಹಿಡಿದು ಸಾಮ್ರಾಜ್ಯ ಆಳಿದವನ ಮನೆಯಲ್ಲಿ ಬೆಳೆದವಳಿಗೆ ಇದೇನು ಹೊಸದೇ? ಆ ಸುಳ್ಳು ಬೆಳಕು ಸುಳ್ಳು ಗೋಡೆಗೆ ಬಡಿದು ಹೇಗೆ ಮರಳುತ್ತದೆ ಅನ್ನುವುದನ್ನೆಲ್ಲ ಬರೆದವಳು ನಾನು. ನಮ್ಮ ಸಾಹೇಬರು, ಬೆಳಗಾವಿಯ ದೇಶಪಾಂಡೆ, ಗಿರಾಕಿಗಳ ಮುಂದೆ ನನ್ನನ್ನು ತೋರಿಸಿ ‘ಇವರು ನಮ್ಮ ಲೌಡ್‌ಸ್ಪೀಕರ್, ಖರೇ, ಆದ್ರ ಕೆಲಸಾ ನೋಡ್ರಿ’ ಅನ್ನುತ್ತಿದ್ದರು. ಉಬ್ಬಿ ಹೋಗುತ್ತಿದ್ದೆ.

ಹೊಸ ಗಿರಾಕಿಯ ಯಾರ್ಡಿನ ನಕ್ಷೆ ನನ್ನ ಟೇಬಲ್ಲಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಬೊರಿವಲಿಯಿಂದ ದಾದರ್, ದಾದರಿನಿಂದ ವಿಕ್ರೋಳಿ, ಎರಡು ಲೋಕಲ್ ಬದಲಿಸಿ, ದುಪಟ್ಟಾ ಹಿಂಡಿಕೊಂಡು ಆಗಷ್ಟೇ ಕೂತಿದ್ದೆ. ಹಾಳೆ ಬಿಡಿಸಿದೆ. ಟಾಕಿಗಳ ಸಾಲು, ಪಂಪಿನ ಮನೆ, ವಾಲ್ವ್ ಗುಂಡಿಗಳು. ಎಂಟು, ಒಂಬತ್ತು, ಹತ್ತು. ಕೈ ಅಲ್ಲಿಗೇ ನಿಂತಿತು. ನಿನ್ನ ಯಾರ್ಡು. ರೋಬೋಟು ಗಸ್ತು ಮಾಡಬೇಕು, ಅದು ಹಸಿರು ಅಂದ ಗುಂಡಿಗೆ ಮನುಷ್ಯರು ಇಳಿಯಬೇಕು, ಇದು ಅವರ ಬೇಡಿಕೆ. ನಾನು ಯಾರಿಗೂ ಏನೂ ಹೇಳಲಿಲ್ಲ. ಹನ್ನೆರಡು ವರ್ಷದಿಂದ ನೋಡದ ಜಾಗವನ್ನು ಒಂದೊಂದೇ ಇಟ್ಟಿಗೆ ಇಟ್ಟು ಕಂಪ್ಯೂಟರಿನಲ್ಲಿ ಕಟ್ಟಿದೆ. ಹನ್ನೊಂದನೇ ಗುಂಡಿಯನ್ನು ಕೊನೆಗೆ.

ಆ ದಿನದ ದೃಶ್ಯವನ್ನು ನಾನೇ ಕೂಡಿಸಿದೆ. ಗುಂಡಿಯ ತಳದಲ್ಲಿ ಮೊಣಕಾಲು ನೀರು ನಿಲ್ಲಿಸಿದೆ. ನೀರಿನ ಮೇಲೆ ಗ್ಯಾಸ್ ತುಂಬಿದೆ, ಗಾಳಿಗಿಂತ ಭಾರದ್ದು, ತಗ್ಗು ಸಿಕ್ಕರೆ ಅಲ್ಲೇ ಮಲಗುವಂಥದ್ದು. ಸುಮ್ಮನೆ, ಬಂಡಿ ಇದ್ದಿದ್ದರೆ ನೀ ಉಳಿಯುತ್ತಿದ್ದೆಯಾ ಅಂತ ನೋಡುವ ಆಸೆ. ಬಂಡಿ ಗುಂಡಿಯ ಸುತ್ತ ತಿರುಗಿತು, ಐದು ಕಡೆಯಿಂದ ಒಳಗೆ ಬೆಳಕು ಎಸೆಯಿತು. ನಕಾಶೆ ಬಂತು. ಹಸಿರು. ಹನ್ನೊಂದನೇ ಗುಂಡಿ, ಬಾಯಿತನಕ ಗ್ಯಾಸ್ ತುಂಬಿಕೊಂಡು, ಗಿಳಿ ಹಸಿರು. ನಿನ್ನನ್ನು ಎರಡನೇ ಸಲ ಅದೇ ಏಣಿ ಇಳಿಸಿದ ಹಾಗೆ…

ಯಾಕೆ ಹಸಿರು ಬಂತು ಅಂತ ಹುಡುಕಲು ಇಡೀ ದಿನ ಬೇಕಾಗಲಿಲ್ಲ. ನಿಂತ ನೀರು ಕನ್ನಡಿಯ ಹಾಗೆ. ಓರೆಯಾಗಿ ಬಿದ್ದ ಬೆಳಕು ಅತ್ತ ಜಾರಿ ಹೋಗುತ್ತದೆ, ಎಸೆದವನ ಕಡೆ ಮರಳುವುದಿಲ್ಲ. ಬಂಡಿ ಐದು ಸಲ ‘ಯಾರಲ್ಲಿ?’ ಅಂದಿತು, ಐದು ಸಲವೂ ಉತ್ತರ ಬರಲಿಲ್ಲ. ಉತ್ತರ ಬಾರದ ಕಡೆ ಪ್ರೋಗ್ರಾಮು ಸೊನ್ನೆ ಬರೆದುಕೊಂಡಿತು. ಗುಂಡಿಯ ಅಂಚನ್ನು ಸವರಿಕೊಂಡು ಹೋಗಿ ಆಚೆ ಗೋಡೆಗೆ ಬಡಿದು ಬಂದ ಆರನೇ ಗೆರೆಯೊಂದು ‘ಇಲ್ಲಿ ಏನೋ ಇದೆ’ ಅಂತ ಹೇಳಿತ್ತು. ತಾಳೆ ನೋಡುವಾಗ ಐದು ಸೊನ್ನೆಗಳು ಸೇರಿ ಅದರ ಬಾಯಿ ಮುಚ್ಚಿಸಿದ್ದವು. ಐವರು ಸುಳ್ಳು ಸಾಕ್ಷಿಗಳ ಮುಂದೆ ಒಬ್ಬ ಬಡಪಾಯಿ ನಿಜ.

ಆಗ ನನಗೆ ಕೂಗಾಡಲು ಒಬ್ಬ ಮನುಷ್ಯ ಬೇಕಾಗಿತ್ತು. ಯಾವ ಕತ್ತೆ ಇದನ್ನು ಬರೆದದ್ದು? ನಮ್ಮಲ್ಲಿ ಪ್ರೋಗ್ರಾಮಿನ ಪ್ರತಿ ಸಾಲನ್ನು ಯಾರು ಬರೆದರು ಅನ್ನುವುದು ದಾಖಲಾಗಿರುತ್ತದೆ. ತೆರೆದು ನೋಡಿದೆ. ಬೆಳಕು ಮರಳದಿದ್ದರೆ ಸೊನ್ನೆ ಎಂದು ತಿಳಿ, ಅನ್ನುವ ಆ ಸಾಲಿನ ಪಕ್ಕ ನನ್ನ ಹೆಸರಿತ್ತು. ಸೇರಿದ ವರ್ಷವೇ ಬರೆದದ್ದು. ಜಾಗ ಖಾಲಿ ಬಿಟ್ಟರೆ ಪ್ರೋಗ್ರಾಮು ನಡುವೆಯೇ ನಿಂತುಬಿಡುತ್ತಿತ್ತು, ನಿಲ್ಲಬಾರದು ಅಂತ ಸೊನ್ನೆ ತುಂಬಿದ್ದೆ. ನಾಟಕ ನಿಲ್ಲಬಾರದು ಅಂತ ಎರಡು ಪುಟ ಹಾರಿಸಿದ್ದ ಹಾಗೆ. ನೀ ಅಷ್ಟು ಬೈದದ್ದು ಯಾವ ಕಿವಿಯಲ್ಲಿ ಹೋಗಿ ಯಾವ ಕಿವಿಯಲ್ಲಿ ಬಂತು, ಹೇಳು. ನಿನ್ನ ಮೇಲೆ, ಯಾರ್ಡಿನವರ ಮೇಲೆ ಇದ್ದ ಸಿಟ್ಟೆಲ್ಲ ತಿರುಗಿ ಬಂದು ನನ್ನ ಕೆನ್ನೆಗೇ ಬಿತ್ತು.

ದೇಶಪಾಂಡೆಯವರ ಕೋಣೆಗೆ ಹೋದಾಗ ಅವರು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ಆ ಸಾಲು ಕಿತ್ತು ಹಾಕಿದ್ದೇನೆ, ಉತ್ತರ ಬಾರದ ಜಾಗವೆಲ್ಲ ಇನ್ನು ನಕಾಶೆಯಲ್ಲಿ ಕಪ್ಪು, ಅಂದೆ. ಹೊಸ ನಕಾಶೆ ನೋಡಿದರು. ಗುಂಡಿಗಳೆಲ್ಲ ಕಪ್ಪು, ಟಾಕಿಗಳ ಹಿಂದೆ ಕಪ್ಪು, ಸಿಡುಬು ಎದ್ದ ಮುಖದ ಹಾಗೆ.

‘ಶುಕ್ರವಾರ ಅವರು ನೋಡಾಕ ಬರ್ತಾರ್ರಿ ಶಾರದಾ. ಇಷ್ಟ ಕಪ್ಪ ತೋರಿಸಿದ್ರ ಗಿರಾಕಿ ಹೆದರಿ ಓಡಿ ಹೋಗ್ತಾನ. ಈಗ ಹಳೇದಾ ತೋರಸೂಣು, ಆರ್ಡರ್ ಆದ ಮ್ಯಾಲ ಸುಧಾರಿಸೂಣು. ಇದು ತಾಲೀಮ ಅಷ್ಟಾ ಅಲ್ಲಾ?’

‘ತಾಲೀಮಿನ್ಯಾಗ ತಪ್ಪ ಕಲತಾಂವಾ ರಂಗದ ಮ್ಯಾಲ ಸರಿ ಮಾಡತಾನೇನ್ರಿ ಸರ್?’

‘ಸಾವಕಾಶ ಮಾತಾಡ್ರಿ. ಬಾಜೂ ಗಾಳಾದವರು ಕೇಳಸ್ಕೋತಾರ.’

‘ಕೇಳಲಿ.’

‘ನೋಡ್ರಿ, ಹನ್ನೆರಡ ಮಂದಿ ಹೊಟ್ಟಿ ಪಾಡು ಅದ ಇಲ್ಲೆ. ಹಳೇದಾ ತೋರಿಸ್ರಿ.’ ಅಂತ ಚಪಾತಿ ಮುರಿದರು.

ಕೆಟ್ಟ ಮನುಷ್ಯರೇನಲ್ಲ ಮಾಮಾ. ಅದೇ ಹೊಟ್ಟೆ ಉರಿಸುವುದು. ಕೆಟ್ಟವರಿದ್ದರೆ ಖಳನಾಯಕನ ಮೇಲೆ ಎರಗಿದ ಹಾಗೆ ಎರಗಬಹುದಿತ್ತು. ನಿನ್ನ ಹೆಸರು ನಾನು ಎತ್ತಲಿಲ್ಲ. ಎತ್ತಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರು, ರಜೆ ಕೊಡುತ್ತಿದ್ದರು. ನಕಾಶೆ ಹಸಿರಾಗಿಯೇ ಉಳಿಯುತ್ತಿತ್ತು.

ಶುಕ್ರವಾರ ಹನ್ನೊಂದಕ್ಕೆ ಯಾರ್ಡಿನವರು ಬಂದರು. ಸೇಫ್ಟಿ ಆಫೀಸರು ಹೊಸಬ, ನಿನ್ನ ಕಾಲದವನಲ್ಲ. ಅವನ ಹಿಂದೆ, ಹೊಟ್ಟೆ ಬಂದ, ಕೂದಲು ಪೂರ್ತಿ ಬೆಳ್ಳಗಾದ ಒಬ್ಬ ಮನುಷ್ಯ ಹೆಲ್ಮೆಟ್ಟನ್ನು ಬಗಲಲ್ಲಿ ಹಿಡಿದು ನಿಂತಿದ್ದ. ನಾ ಗುರುತಿಸಿದೆ. ಜಾಧವ. ಈಗ ಗಸ್ತಿನವರಿಗೆಲ್ಲ ಮುಖ್ಯಸ್ಥ, ರಿಟೈರಾಗಲು ಎರಡು ವರ್ಷ ಇದೆ. ಅವನೂ ನನ್ನನ್ನು ಗುರುತಿಸಿದ, ಕಣ್ಣು ತಪ್ಪಿಸಿದ. ನಿನ್ನ ಮಣ್ಣಿಗೆ ಬಂದವನು ಆಮೇಲೆ ನಮ್ಮ ಚಾಳಿನ ಮೆಟ್ಟಿಲು ಹತ್ತಿರಲಿಲ್ಲ. ನನ್ನ ಸರದಿ ಬಂತು. ಎದ್ದೆ. ಗಂಟಲು ಸರಿ ಮಾಡಿಕೊಂಡೆ. ಕಪ್ಪು ನಕಾಶೆಯನ್ನು ಗೋಡೆಯ ತುಂಬ ತೋರಿಸಿದೆ. ದೇಶಪಾಂಡೆಯವರ ಮುಖ ಆ ನಕಾಶೆಯ ಬಣ್ಣಕ್ಕೆ ತಿರುಗಿತು.

‘ಯೇ ಕ್ಯಾ ಹೈ ಮ್ಯಾಡಮ್, ಆಪಕಾ ಮಷೀನ್ ಅಂಧಾ ಹೈ ಕ್ಯಾ?’ ಅಂದ ಆಫೀಸರು. ಕುರುಡೇ ಅಂತ ಕೇಳಿದ. ಹೌದು ಸರ್, ಇಷ್ಟು ಜಾಗದಲ್ಲಿ ಕುರುಡು, ಅಂದೆ. ಕಳೆದ ವಾರದ ತನಕ ಕುರುಡು ಇದ್ದದ್ದನ್ನು ಮುಚ್ಚಿಡುತ್ತಿತ್ತು, ಈಗ ಬಾಯಿ ಬಿಟ್ಟು ಹೇಳುತ್ತಿದೆ. ಮುಚ್ಚಿಟ್ಟರೆ ಏನಾಗುತ್ತದೆ ಅಂತ ನಿಮ್ಮ ಯಾರ್ಡಿಗೆ ಗೊತ್ತು. ಹನ್ನೊಂದನೇ ಗುಂಡಿಯನ್ನು ಕೇಳಿ ನೋಡಿ. ಇಷ್ಟು ಹೇಳಿ, ನಿನ್ನ ದನಿಯಲ್ಲಿ, ಎದೆಯ ತಳದಿಂದ, ‘ಜಾಧವ್ ಕಾಕಾ’ ಅಂತ ಕರೆದೆ. ‘ಉಸ್ ದಿನ್ ಮೀಟರ್ ಮೇ ಕ್ಯಾ ಥಾ?’ ಆ ದಿನ ಮೀಟರಿನಲ್ಲಿ ಏನಿತ್ತು ಅಂತ.

ಉತ್ತರ ಬರಲಿಲ್ಲ. ಜಾಧವ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದ. ಆಫೀಸರು ಗಡಿಯಾರ ನೋಡಿದ. ದೇಶಪಾಂಡೆಯವರು ನಕ್ಕು, ‘ಚಲಿಯೇ, ನೆಕ್ಸ್ಟ್ ಸ್ಲೈಡ್’ ಅನ್ನುತ್ತ ಮೌಸಿಗೆ ಕೈ ಹಾಕಿದರು. ನಾ ಅವರ ಕೈಯ ಮೇಲೆ ನನ್ನ ಕೈ ಇಟ್ಟು ಒತ್ತಿ ಹಿಡಿದೆ. ಸಾಹೇಬರ ಕೈ, ಗಿರಾಕಿಗಳ ಮುಂದೆ. ‘ಒಂದ ನಿಮಿಷ ಸರ್. ಅವರ ಮಾತ ಇನ್ನೂ ಬರೂದದ.’ ಮಂದಿ ಸೀಟಿ ಹೊಡೆದರೂ ಬೆರಳು ಅಲ್ಲೇ ಇರಬೇಕು ಅಂದವನು ನೀನು.

‘ಟೇಪ್ ಲಗಾಯಾ ಥಾ’ ಅಂದ ಜಾಧವ, ಟೇಪು ಅಂಟಿಸಿತ್ತು ಅಂತ. ನೆಲ ನೋಡುತ್ತ, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದ. ನಳಿಯಲ್ಲಿ ನೀರು ಸೇರಿ ಪಂಪು ನಿಂತರೆ ಹಳದಿ ಡಬ್ಬಿಯ ಮೇಲೆ ಒಂದು ಕೆಂಪು ದೀಪ ಮಿಟುಕಬೇಕು, ಕುಂಯ್ ಅಂತ ಸದ್ದು ಬರಬೇಕು. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕುಂಯ್ ಅಂದು ಕೆಲಸ ನಿಲ್ಲುತ್ತದೆ ಅಂತ, ಆಗಿನ ಸೂಪರ್‌ವೈಜರು ಎಲ್ಲ ಡಬ್ಬಿಗಳ ದೀಪಕ್ಕೂ ಸದ್ದಿನ ತೂತಿಗೂ ಕರಿ ಟೇಪು ಅಂಟಿಸಿದ್ದ. ನೀ ಬಿದ್ದ ಮೇಲೆ ಜಾಧವ ಆ ಟೇಪು ಕಿತ್ತು ನೋಡಿದನಂತೆ. ಕೆಳಗೆ ಕೆಂಪು ದೀಪ ಮಿಟುಕುತ್ತಿತ್ತಂತೆ. ಪಂಪು ಗಾಳಿಯನ್ನೇ ಎಳೆದಿರಲಿಲ್ಲ. ಡಬ್ಬಿಗೆ ಗುಂಡಿಯಿಂದ ಉತ್ತರವೇ ಬಂದಿರಲಿಲ್ಲ, ಮಾಮಾ. ಅದು ಸೊನ್ನೆ ತೋರಿಸಿತು. ತನಿಖೆಯಲ್ಲಿ ಅವನು ದೀಪದ ಮಾತು ತೆಗೆದಾಗ, ಕೇಳುವವರು ‘ನಂಬರ್ ಎಷ್ಟಿತ್ತು, ಅಷ್ಟೇ ಹೇಳು’ ಅಂದರು. ಸೊನ್ನೆ ಅಂದ. ಸಹಿ ಮಾಡಿದ.

ನಾ ಅವನನ್ನು ಬೈಯಬೇಕಿತ್ತು. ಹನ್ನೆರಡು ವರ್ಷ ನನ್ನ ಅವ್ವ ತಮ್ಮನ ಎದೆಯೇ ಸರಿ ಇರಲಿಲ್ಲ ಅಂತ ತನ್ನ ಅಡುಗೆಯನ್ನು, ಎಣ್ಣೆಯನ್ನು, ಉಪ್ಪನ್ನು ಬೈದುಕೊಂಡಿದ್ದಾಳೆ. ಬಾಯಿ ತೆರೆದೆ ಕೂಡ. ಆದರೆ ಆ ಡಬ್ಬಿ ಮಾಡಿದ್ದನ್ನೇ ನಾನು ನನ್ನ ಕೈಯಾರೆ ಪ್ರೋಗ್ರಾಮಿನಲ್ಲಿ ಮಾಡಿದ್ದೆನಲ್ಲ. ಯಾವ ಮುಖ ಇಟ್ಟುಕೊಂಡು ಬೈಯಲಿ? ‘ಬರೆದು ಕೊಡ್ರಿ ಕಾಕಾ’ ಅಂದೆ, ಅಷ್ಟೇ. ಅಲ್ಲೇ ಕೂತು, ನಕ್ಷೆಯ ಹಾಳೆಯ ಹಿಂಬದಿಗೆ ಮರಾಠಿಯಲ್ಲಿ ಬರೆದ. ಆಫೀಸರು ತಡೆಯಲಿಲ್ಲ, ಹೊಗಳಲೂ ಇಲ್ಲ. ಹೋಗುವಾಗ ಜಾಧವ ಮೆಟ್ಟಿಲ ಹತ್ತಿರ ನಿಂತ. ಕನ್ನಡದಲ್ಲಿ, ಇಪ್ಪತ್ತು ವರ್ಷದ ಹಿಂದೆ ನೀ ಉರು ಹೊಡೆಸಿದ ಅದೇ ರಾಗದಲ್ಲಿ, ‘ಅಪ್ಪಣೆ, ಪ್ರಭು’ ಅಂದ. ‘ಬಸೂಲಾ ಸಾಂಗ್’ ಅಂದ. ಬಸುಗೆ ಹೇಳು ಅಂತ. ಹೇಳಿದ್ದೇನೆ.

ಮರುದಿನವೇ ಅವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಟೇಪಿನ ಮಾತು ಬಂದಾಗ ಎದ್ದು ಹೋಗಿ ಗೋಧಿ ಡಬ್ಬಿಯ ಕೆಳಗಿನ ಕಾಗದ ತಂದಳು. ಹರಿಯುತ್ತಾಳೆ ಅಂದುಕೊಂಡೆ. ನನ್ನ ಕೈಗೆ ಕೊಟ್ಟು, ‘ಇದನ್ನ ಸುಳ್ಳ ಮಾಡಿ ಬಾ’ ಅಂದಳು. ಜಾಧವನ ಬರಹ, ಹಸಿರು ನಕಾಶೆ, ಕಪ್ಪು ನಕಾಶೆ, ಗುಂಡಿಯಲ್ಲಿ ಬೆಳಕು ಯಾಕೆ ಮರಳುವುದಿಲ್ಲ ಅನ್ನುವ ನನ್ನ ಎರಡು ಪುಟದ ವಿವರಣೆ, ಆ ಸೊನ್ನೆಯ ಸಾಲು ಬರೆದವಳು ನಾನೇ ಅನ್ನುವ ತಪ್ಪೊಪ್ಪಿಗೆ, ಎಲ್ಲ ಸೇರಿಸಿ ಯಾರ್ಡಿನ ಮುಖ್ಯ ಕಚೇರಿಗೂ ತನಿಖೆ ಮಾಡಿದ ಸರಕಾರಿ ಕಚೇರಿಗೂ ರಿಜಿಸ್ಟರ್ ಪೋಸ್ಟ್ ಮಾಡಿದೆ. ಕೇಳಿದ್ದು ಒಂದೇ. ಬಸವರಾಜ ಹೃದಯ ನಿಂತು ಸತ್ತ ಅನ್ನುವ ಸಾಲನ್ನು ತೆಗೆಯಿರಿ. ಏನಾಯಿತು ಅನ್ನುವುದು ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆಯಿರಿ.

ಮೊನ್ನೆ ದೇಶಪಾಂಡೆಯವರು ಚಹಾ ಕುಡಿಯುವಾಗ ನನ್ನನ್ನು ಕರೆದರು. ಆ ಶುಕ್ರವಾರದ ನಂತರ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ಆರ್ಡರು ಆಗಿಲ್ಲ, ಹೋಗಿಯೂ ಇಲ್ಲ. ಗುಂಡಿಯೊಳಗೆ ನಳಿ ಇಳಿಸುವ ಒಂದು ಕೈಯನ್ನು ಬಂಡಿಗೆ ಜೋಡಿಸಿ ತೋರಿಸಿ, ಆಮೇಲೆ ನೋಡೋಣ ಅಂದಿದ್ದಾರಂತೆ. ‘ನಳಿಯೊಳಗ ನೀರ ಕಟ್ಟಿಕೊಂಡ್ರ ನಕಾಶೆದಾಗ ಏನ ತೋರಿಸಬೇಕ್ರಿ?’ ಅಂತ ಕೇಳಿದರು, ಗೊತ್ತಿದ್ದೂ. ‘ಕಪ್ಪು’ ಅಂದೆ. ‘ಸಾವಕಾಶ ಹೇಳ್ರಿ, ಕೇಳಸ್ತದ’ ಅಂದು ಚಹಾ ಮುಗಿಸಿದರು. ಯಾರ್ಡಿನ ಮೀಟರುಗಳ ಟೇಪನ್ನೆಲ್ಲ ಜಾಧವ ನಿಂತು ಕೀಳಿಸಿದ್ದಾನೆ. ಈ ಮಳೆಗಾಲ ಅಲ್ಲಿ ದಿನವಿಡೀ ಕುಂಯ್ ಕುಂಯ್ ಅಂತೆ, ಕೆಲಸ ನಿಲ್ಲುತ್ತದಂತೆ, ಎಲ್ಲರೂ ಅವನನ್ನು ಶಪಿಸುತ್ತಾರಂತೆ. ಶಪಿಸಲಿ.

ನನ್ನ ಪೋಸ್ಟಿಗೆ ಉತ್ತರ ಬಂದಿಲ್ಲ. ಮೂರು ತಿಂಗಳಾಯಿತು. ತಲುಪಿದ ಚೀಟಿ ಮರಳಿ ಬಂದಿದೆ, ಯಾರೋ ಸಹಿ ಮಾಡಿದ್ದಾರೆ, ಅದರಾಚೆ ಏನೂ ಇಲ್ಲ. ಪಕ್ಕದ ಮನೆಯವರು ‘ಬಿಟ್ಟುಬಿಡಿ ತಾಯೀ, ಅಲ್ಲಿ ಯಾರಿದ್ದಾರೆ ಕೇಳೋಕೆ’ ಅನ್ನುತ್ತಾರೆ. ಪ್ರತಿ ತಿಂಗಳ ಮೊದಲ ಸೋಮವಾರ, ದಾದರಿನಲ್ಲಿ ಗಾಡಿ ಬದಲಿಸುವಾಗ, ಅದೇ ಕಾಗದದ ಹೊಸ ಪ್ರತಿಯನ್ನು ಪೋಸ್ಟ್ ಮಾಡುತ್ತೇನೆ. ಮಾಡುತ್ತಲೇ ಇರುತ್ತೇನೆ. ನನ್ನ ಡೈರಿಯಲ್ಲಿ ಅದರ ಮುಂದೆ ಉತ್ತರ ಬಂದಿಲ್ಲ ಅಂತಲೇ ಬರೆದಿದ್ದೇನೆ.

ನೀನೂ ಉತ್ತರ ಕೊಡುವವನಲ್ಲ, ಗೊತ್ತು. ಜಾಧವ ಮೇಲಿನಿಂದ ಕೂಗಿದಾಗಲೇ ಕೊಡಲಿಲ್ಲ. ಆದರೂ ಈಗ ಎದ್ದು ನಿಂತು, ಈ ಎರಡು ಖೋಲಿಯ ಮನೆಯ ಫ್ಯಾನು ನಡುಗುವ ಹಾಗೆ ಕೂಗುತ್ತೇನೆ, ಪಕ್ಕದವರು ಬೇಕಾದ್ದು ಅಂದುಕೊಳ್ಳಲಿ. ಯಾರಲ್ಲಿ?

ಅವಸರವಿಲ್ಲ ಮಾಮಾ. ಬೆರಳು ಅದೇ ಪುಟದ ಮೇಲಿದೆ.

ಎಡಗಡೆಯ ವಿಂಗಿನಿಂದ,
ಶಾರಿ